ಮೈಕಣ್ಣನ ಮಗಳಿಗೊಂದು ಹೆಸರು

ಮೈಕಣ್ಣನಿಗೆ ಮಗಳು ಹುಟ್ಟಿ ಇಪ್ಪತ್ತೆರಡು ದಿನಗಳಾಗಿದ್ದವು; ಅವಳಿಗೆ ಅವನ ತಲೆಯಲ್ಲಿ ಹೆಸರು ಹುಟ್ಟಿ ಇಪ್ಪತ್ತೊಂದು. ಮಗಳು ಹುಟ್ಟಿದ್ದಕ್ಕೆ ಮನೆಮಂದಿಯೆಲ್ಲ ಸಂತೋಷಪಟ್ಟರು. ಹೆಸರು ಹುಟ್ಟಿದ್ದಕ್ಕೆ ಸಂತೋಷಪಟ್ಟವನು ಅವನೊಬ್ಬನೇ.

ಆ ಹೆಸರನ್ನು ಇಲ್ಲಿ ಬರೆಯದಿರುವುದೇ ಒಳ್ಳೆಯದು. ಬರೆದರೆ ಓದುವವರು ಅಲ್ಲೇ ಎಡವಿ, ಮುಂದಿನ ಕಥೆಯನ್ನು ಕೈಬಿಟ್ಟಾರು. ಐದು ಅಕ್ಷರಗಳ ಹೆಸರು ಎಂದು ತಿಳಿದಿದ್ದರೆ ಸಾಕು. ಎರಡು ಕಡೆ ಒತ್ತು ಬರುತ್ತದೆ, ಒಂದು ಕಡೆ ನಾಲಿಗೆಯನ್ನು ಮೇಲಕ್ಕೆ ಮಡಚಬೇಕು, ಇನ್ನೊಂದು ಕಡೆ ಹೊಟ್ಟೆಯಿಂದ ಉಸಿರು ತಂದು ಬಿಡಬೇಕು, ಕೊನೆಯಲ್ಲಿ ಏನೂ ಆಗಿಲ್ಲವೆಂಬಂತೆ ಬಾಯಿ ಮುಚ್ಚಬೇಕು. ಗೆದ್ದಲು ತಿಂದು ಉಳಿಸಿದ್ದ ಹಳೆಯ ನಿಘಂಟಿನ ಪುಟವೊಂದರಲ್ಲಿ ಮೈಕಣ್ಣ ಅದನ್ನು ಕಂಡುಕೊಂಡಿದ್ದ. ಬೆಳಗಿನ ಮೊದಲ ಬಿಸಿಲು ನೀರಿನ ಮೇಲೆ ಬಿದ್ದಾಗ ಏಳುವ ಮಿನುಗು ಎಂದು ಅದರ ಅರ್ಥ.

“ಅಷ್ಟು ದೊಡ್ಡ ಅರ್ಥಕ್ಕೆ ಐದೇ ಅಕ್ಷರ! ಅಗ್ಗ ಅಲ್ವಾ?” ಎಂದು ಅವನು ಕಂಡಕಂಡವರನ್ನು ಕೇಳುತ್ತಿದ್ದ.

ಮೈಕಣ್ಣ ಬಸ್‌ನಿಲ್ದಾಣದ ಘೋಷಕ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕುಳಿತು, ಯಾವ ಬಸ್ಸು ಯಾವ ಅಂಕಣದಲ್ಲಿ ನಿಂತಿದೆಯೆಂದು ಲೋಕಕ್ಕೆ ತಿಳಿಸುವುದು ಅವನ ಕೆಲಸ. ಅವನ ಉಚ್ಚಾರ ಎಂದರೆ ತೊಳೆದಿಟ್ಟ ಗಾಜಿನ ಲೋಟ. ಊರಿನ ಅರ್ಧ ಜನಕ್ಕೆ ಅವನ ಧ್ವನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ನಿಜವಾದ ಹೆಸರಂತೂ ಯಾರಿಗೂ ಬೇಕಿರಲಿಲ್ಲ. ಅದು ಅಷ್ಟು ಸಾಮಾನ್ಯವಾದ ಹೆಸರು. ಶಾಲೆಯಲ್ಲಿ ಅದೇ ಹೆಸರಿನವರು ಒಂದೇ ಕ್ಲಾಸಿನಲ್ಲಿ ಐವರಿದ್ದುದರಿಂದ ಮೇಷ್ಟ್ರು ಅವನನ್ನು “ಐದನೆಯವನೇ” ಎಂದು ಕರೆಯುತ್ತಿದ್ದರು. ಬಸ್‌ನಿಲ್ದಾಣದಲ್ಲಿ ಇನ್ನೂ ನಾಲ್ವರಿದ್ದರು: ಇಬ್ಬರು ಮೆಕ್ಯಾನಿಕ್‌ಗಳು, ಒಬ್ಬ ಕಂಡಕ್ಟರ್, ಒಬ್ಬ ಕಾವಲುಗಾರ. ಹೀಗಾಗಿ ಅವನು ಮೈಕಣ್ಣನಾದ. ಯಾರಾದರೂ ತನ್ನ ಹೆಸರು ಕೂಗಿದರೆ ತಿರುಗಿ ನೋಡುವ ಅಭ್ಯಾಸವನ್ನೇ ಅವನು ಬಿಟ್ಟು ಹದಿನೈದು ವರ್ಷವಾಗಿತ್ತು.

“ನನ್ನ ಮಗಳ ಹೆಸರು ಕೂಗಿದರೆ ಅವಳೊಬ್ಬಳೇ ತಿರುಗಬೇಕು,” ಎಂದು ಅವನು ತೀರ್ಮಾನಿಸಿದ್ದ.

ಬಾಣಂತನಕ್ಕೆ ಬಂದಿದ್ದ ಅತ್ತೆ ಮೊದಲನೆಯ ದಿನವೇ ಆ ಹೆಸರನ್ನು ಹೇಳಲು ಹೋಗಿ ಕೆಮ್ಮಿದ್ದರು. “ಅಳಿಯಂದ್ರೇ, ನನಗೆ ಮುಂದಿನ ಎರಡು ಹಲ್ಲಿಲ್ಲ. ಹಲ್ಲಿಲ್ಲದ ಅಜ್ಜಿ ಮೊಮ್ಮಗಳನ್ನು ಕರೆಯೋದೇ ಬೇಡ ಅಂತಲೋ?” ಎಂದು ಕೇಳಿದ್ದರು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕನ್ನಡಕ ಹಾಕಿಕೊಂಡು, ಹೆಸರನ್ನು ಕಾಗದದ ಮೇಲೆ ಬರೆಸಿಕೊಂಡು, ದೂರದಿಂದಲೂ ಹತ್ತಿರದಿಂದಲೂ ನೋಡಿ, “ಮೊದಲ ಅರ್ಧ ಚೆನ್ನಾಗಿದೆ. ಅಲ್ಲಿಗೇ ನಿಲ್ಲಿಸಿಬಿಡಿ,” ಎಂದಿದ್ದರು. ಲಸಿಕೆ ಹಾಕಿದ ನರ್ಸಮ್ಮ ಎರಡು ಸಲ ಕೇಳಿ, ಎರಡು ಸಲ ಹೊಡೆದುಹಾಕಿ, ಚೀಟಿಯಲ್ಲಿ “ಹೆಣ್ಣು ಮಗು” ಎಂದು ಬರೆದು, “ಸದ್ಯಕ್ಕೆ ಇದೇ ಇರಲಿ, ತಪ್ಪಾಗೋಕೆ ಸಾಧ್ಯವೇ ಇಲ್ಲ,” ಎಂದು ಸಮಾಧಾನ ಮಾಡಿ ಕಳಿಸಿದ್ದಳು.

ಇವರೆಲ್ಲರನ್ನೂ ಮೈಕಣ್ಣ ಗೆಲ್ಲಬಲ್ಲವನಾಗಿದ್ದ. ಹೆಂಡತಿಯನ್ನು ಮಾತ್ರ ಗೆಲ್ಲಲಾರ. ಅವಳು ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆ. ಹನ್ನೊಂದು ವರ್ಷಗಳಿಂದ ಹಾಜರಿ ಪುಸ್ತಕಗಳಿಗೆ ಮಕ್ಕಳ ಹೆಸರು ತುಂಬಿದವಳು.

“ರೀ, ಕೇಳಿ ಇಲ್ಲಿ,” ಎಂದಳು ಅವಳು, ಮಗುವಿನ ಬಟ್ಟೆ ಮಡಚುತ್ತಾ. “ಕಷ್ಟದ ಹೆಸರು ಬಂದರೆ ಟೀಚರು ಏನು ಮಾಡ್ತಾರೆ ಗೊತ್ತಾ? ಬೈಯಲ್ಲ, ನಗಲ್ಲ. ಒಂದು ಗಳಿಗೆ ನಿಲ್ಲಿಸ್ತಾರೆ. ಆಮೇಲೆ ತಲೆ ಎತ್ತಿ ಮಗು ಕೂತಿದೆಯಾ ಅಂತ ನೋಡಿ, ಗುರುತು ಹಾಕ್ಕೊಂಡು ಮುಂದಿನ ಹೆಸರಿಗೆ ಹೋಗ್ತಾರೆ. ಹತ್ತು ವರ್ಷ ಆ ಮಗೂನ ಯಾರೂ ಹೆಸರು ಹಿಡಿದು ಕರೆಯಲ್ಲ. ಯಾರೂ ಕರೆಯದ ಹೆಸರು ಇಟ್ಟುಕೊಂಡು ನನ್ನ ಮಗಳೇನು ಮಾಡಬೇಕು?”

ಮೈಕಣ್ಣ ಅಂಗಿ ತೊಟ್ಟು ಕೆಲಸಕ್ಕೆ ಹೊರಟ. ಕಪಾಟಿನ ಮೇಲೆ ನೋಂದಣಿ ಕಚೇರಿಯ ಅರ್ಜಿ ಬಿದ್ದಿತ್ತು. ಹೆಸರಿನ ಜಾಗದಲ್ಲಿ ಐದು ಅಕ್ಷರ, ಅದರ ಕೆಳಗೆ ತಂದೆಯ ಸಹಿ, ಅದರ ಪಕ್ಕದಲ್ಲಿ ತಾಯಿಯ ಸಹಿಗೆ ಒಂದು ಖಾಲಿ ಗೆರೆ. ನಾಳೆ ಸಂಜೆಯೊಳಗೆ ಕೊಡದಿದ್ದರೆ ಪ್ರಮಾಣಪತ್ರದಲ್ಲಿ “ಹೆಸರಿಡದ ಹೆಣ್ಣು ಶಿಶು” ಎಂದೇ ಅಚ್ಚಾಗುತ್ತದೆಂದು ಅಲ್ಲಿಯ ಗುಮಾಸ್ತರು ಎಚ್ಚರಿಸಿದ್ದರು.

“ಜನ ಕರೀತಾರೆ ಅಂತ ತೋರಿಸಿದ್ರೆ ಸಹಿ ಹಾಕ್ತೀಯಾ?” ಎಂದು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಕೇಳಿದ.

“ಯಾವ ಜನ?”

“ಯಾರಾದ್ರೂ. ಗುರುತು ಪರಿಚಯ ಇಲ್ಲದೋರು.”

“ತೋರಿಸಿ ನೋಡೋಣ,” ಎಂದಳು ಅವಳು. ಅದರಲ್ಲಿ ಒಪ್ಪಿಗೆಗಿಂತ ಅನುಕಂಪವೇ ಹೆಚ್ಚಾಗಿತ್ತು.

ಗಾಜಿನ ಕೋಣೆಯಲ್ಲಿ ಕುಳಿತ ಮೈಕಣ್ಣನಿಗೆ ಹತ್ತೂವರೆಯ ಹೊತ್ತಿಗೆ ಉಪಾಯ ಹೊಳೆಯಿತು. ಎದುರಿಗೆ ಐನೂರು ಜನ, ಅವನ ಕೈಯಲ್ಲಿ ಮೈಕು. ಹೆಸರನ್ನು ಒಮ್ಮೆ ಸ್ಪಷ್ಟವಾಗಿ ಕೇಳಿಸಿ, ಹೊರಗೆ ಹೋಗಿ, ಏನು ಕೇಳಿಸಿತೆಂದು ನಾಲ್ಕು ಜನರನ್ನು ವಿಚಾರಿಸಿದರಾಯಿತು. ಆದರೆ ಸ್ವಂತದ ಮಾತನ್ನು ಮೈಕಿನಲ್ಲಿ ಆಡುವ ಹಾಗಿರಲಿಲ್ಲ. ಗೋಡೆಗೆ ಅಂಟಿಸಿದ್ದ ರಟ್ಟಿನಲ್ಲಿ ಹದಿನಾಲ್ಕು ಬಗೆಯ ಘೋಷಣೆಗಳಿದ್ದವು, ಹದಿನೈದನೆಯದಕ್ಕೆ ಅನುಮತಿಯಿಲ್ಲ. ಮೈಕಣ್ಣ ಬೆರಳಿಟ್ಟು ಓದುತ್ತಾ ಬಂದ. ಒಂಬತ್ತನೆಯದು ಅವನಿಗೆಂದೇ ಬರೆದಂತಿತ್ತು: ಪ್ರಯಾಣಿಕರನ್ನು ಹೆಸರಿನಿಂದ ಕರೆಯುವುದು.

ಅವನು ಗಂಟೆ ಬಾರಿಸಿ, ಗಂಟಲು ಸರಿಮಾಡಿಕೊಂಡು, ಮಗಳ ಹೆಸರನ್ನು ಹೇಳಿದ. “ಅವರೇ, ತಾವು ಎಲ್ಲಿದ್ದರೂ ಕೂಡಲೇ ವಿಚಾರಣೆ ಕೌಂಟರಿಗೆ ಬರಬೇಕು. ತಮ್ಮ ಮನೆಯವರು ತಮಗಾಗಿ ಕಾಯುತ್ತಿದ್ದಾರೆ.”

ಆ ಹೆಸರು ಛಾವಣಿಯ ಹನ್ನೆರಡು ಸ್ಪೀಕರುಗಳಿಂದ ಒಟ್ಟಿಗೆ ಹೊಮ್ಮಿದಾಗ ಅವನ ಮೈ ಜುಮ್ಮೆಂದಿತು. ಓಡಿಹೋಗಿ ಎದುರಿನ ಹಣ್ಣಿನಂಗಡಿಯವನನ್ನು ಕೇಳಿದ: “ಈಗ ಯಾರನ್ನು ಕರೆದ್ರು?”

“ಕರೆದ್ರಾ? ಯಾವುದೋ ಮಾತ್ರೆ ಹೆಸರು ಹೇಳಿದ ಹಾಗಿತ್ತು,” ಎಂದ ಹಣ್ಣಿನವನು.

ಮೈಕಣ್ಣ ಮರಳಿ ಬಂದು ಇನ್ನಷ್ಟು ನಿಧಾನವಾಗಿ ಎರಡನೆಯ ಸಲ ಕರೆದ. ಈ ಸಲ ಬೆಂಚಿನ ಮೇಲಿದ್ದ ಅಜ್ಜನೊಬ್ಬ, “ಹೊಸ ಊರಿನ ಬಸ್ಸು ಬಿಟ್ಟಿದ್ದಾರೆ,” ಎಂದು ಸೊಸೆಗೆ ಹೇಳಿದ್ದು ಕೇಳಿಸಿತು. ಮೂರನೆಯ ಸಲ ಮೈಕಣ್ಣ ಒಂದೊಂದು ಅಕ್ಷರವನ್ನೂ ಕೈಹಿಡಿದು ಹೊಸ್ತಿಲು ದಾಟಿಸುವಂತೆ ದಾಟಿಸಿದ.

ಇಲ್ಲಿ ಬಸ್‌ನಿಲ್ದಾಣದ ನಿಯಮವೊಂದನ್ನು ತಿಳಿಸಬೇಕು. ಮೂರು ಸಲ ಕರೆದರೂ ಬಾರದ ಪ್ರಯಾಣಿಕರ ಹೆಸರು ತಾನಾಗಿಯೇ “ಕಾಣೆ” ಪುಸ್ತಕಕ್ಕೆ ಏರುತ್ತದೆ. ಮೈಕಣ್ಣನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಎರಡು ವರ್ಷಗಳ ಹಿಂದೆ ಆ ನಿಯಮವನ್ನು ಮೈಕಿನಲ್ಲಿ ಓದಿ ಹೇಳಿದವನೇ ಅವನು. ಆದರೆ ತಾನು ಓದಿದ್ದನ್ನೆಲ್ಲ ಕೇಳಿಸಿಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ.

ಬಾಗಿಲು ತೆರೆಯಿತು. ನಿಲ್ದಾಣದ ಮೇಲ್ವಿಚಾರಣೆ ನೋಡುವ ಕಂಟ್ರೋಲರು ಆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದು ಕುಳಿತರು. ಇಪ್ಪತ್ತೊಂಬತ್ತು ವರ್ಷಗಳ ಸೇವೆಯಲ್ಲಿ ಒಂದು ಕಾಲಮನ್ನೂ ಖಾಲಿ ಬಿಡದ ಮನುಷ್ಯ.

“ಮೂರು ಸಲ ಆಯ್ತು. ಬಂದಿಲ್ಲ. ವಿವರ ಹೇಳ್ರಿ.”

“ಸಾರ್, ಅದೇನಂದ್ರೆ…”

“ಕೇಳಿದ್ದಕ್ಕಷ್ಟೇ ಉತ್ತರ. ಹೆಸರು?”

ಮೈಕಣ್ಣ ಹೇಳಿದ. ಕಂಟ್ರೋಲರು ಪೆನ್ನನ್ನು ಪುಸ್ತಕದ ಮೇಲೆ ಎತ್ತಿಹಿಡಿದು ಸ್ವಲ್ಪ ಹೊತ್ತು ಯೋಚಿಸಿ, “ಅದನ್ನು ಕೊನೆಗೆ ತುಂಬೋಣ,” ಎಂದರು. “ಹೆಣ್ಣೋ ಗಂಡೋ?”

“ಹೆಣ್ಣು ಸಾರ್. ಆದರೆ…”

“ವಯಸ್ಸು?”

“ಇಪ್ಪತ್ತೆರಡು.”

“ಇಪ್ಪತ್ತೆರಡು ವರ್ಷ,” ಎಂದು ಕಂಟ್ರೋಲರು ಬರೆಯತೊಡಗಿದರು.

ಮೈಕಣ್ಣ ಅಪ್ರಾಮಾಣಿಕನಲ್ಲ. “ವರ್ಷ ಅಲ್ಲ ಸಾರ್. ದಿನ,” ಎಂದ.

ಪೆನ್ನು ನಿಂತಿತು.

“ಏನ್ರೀ,” ಎಂದರು ಕಂಟ್ರೋಲರು, ಬಹಳ ಮೆಲ್ಲಗೆ. “ಇಪ್ಪತ್ತೆರಡು ದಿನದ ಕೂಸನ್ನು ‘ಎಲ್ಲಿದ್ದರೂ ಕೂಡಲೇ ಕೌಂಟರಿಗೆ ಬನ್ನಿ’ ಅಂತ ಮೂರು ಸಲ ಕರೀತಾ ಇದ್ದೀರಾ?”

“ಸಾರ್, ಅದು ಕಳೆದುಹೋಗಿಲ್ಲ…”

“ಆ ಮಾತಿಗೆ ಇಲ್ಲಿ ಕಾಲಂ ಇಲ್ಲ! ತೊಟ್ಟ ಬಟ್ಟೆ?”

“ಹಳದಿ ಕುಲಾವಿ.”

“ಕೊನೆಗೆ ನೋಡಿದವರು ಯಾರು?”

“ನಾನೇ ಸಾರ್. ಬೆಳಿಗ್ಗೆ. ಮಲಗಿತ್ತು.”

“ನೀವೇ ನೋಡಿದ್ರಾ! ನೋಡಿ ಸುಮ್ಮನೆ ಬಂದು ಇಲ್ಲಿ ಕೂತ್ರಾ!” ಕಂಟ್ರೋಲರು ಎದ್ದುನಿಂತರು. ನಿಯಮದ ಮನುಷ್ಯನೇ ಹೌದು, ಆದರೆ ಅವರಿಗೂ ಮನೆಯಲ್ಲಿ ಮೊಮ್ಮಕ್ಕಳಿದ್ದರು. “ಗೇಟು ಮುಚ್ಚಿಸ್ತೀನಿ. ಮಗೂನ ನನ್ನ ಕಣ್ಣಾರೆ ನೋಡಿ ‘ಸಿಕ್ಕಿತು’ ಅಂತ ಸಹಿ ಹಾಕೋವರೆಗೆ ಒಂದು ಬಸ್ಸೂ ಹೊರಗೆ ಹೋಗಲ್ಲ. ಸರಿಯಿರಿ ಆ ಕಡೆ!”

ಹೀಗೆಂದವರೇ ಮೈಕನ್ನು ತಾವೇ ಕೈಗೆತ್ತಿಕೊಂಡರು. ಮುಂದಾದದ್ದಕ್ಕೆ ಅವರನ್ನು ದೂರಬಾರದು. ಆ ಹೆಸರನ್ನು ಆತುರದಲ್ಲಿ ಹೇಳಿ ಗೆದ್ದವರಿಲ್ಲ. ಇಪ್ಪತ್ತೆರಡು ದಿನದ, ಹಳದಿ ಕುಲಾವಿ ತೊಟ್ಟ ಹೆಣ್ಣು ಹಸುಗೂಸೊಂದು ಕಾಣೆಯಾಗಿದೆ ಎಂದು ಮೂರು ಸಲ ಸಾರಿದರು, ಮೂರು ಸಲವೂ ಹೆಸರು ಬೇರೆಬೇರೆಯಾಗಿ ಬಂತು.

ಇಡೀ ಬಸ್‌ನಿಲ್ದಾಣ ಎದ್ದು ನಿಂತಿತು.

“ಮೂರು ಮಕ್ಕಳಂತೆ!” ಎಂದ ಹಣ್ಣಿನಂಗಡಿಯವನು.

“ಒಂದೇ ಮನೇವಂತೆ. ತ್ರಿವಳಿ,” ಎಂದಳು ಪಕ್ಕದ ಪತ್ರಿಕೆ ಅಂಗಡಿಯವಳು.

“ಅಯ್ಯೋ, ಆ ತಾಯಿ ಮೂರನ್ನೂ ಒಟ್ಟಿಗೆ ಎಲ್ಲಿ ಬಿಟ್ಟಳೋ?”

ಅರ್ಧ ಗಂಟೆಯ ಹಿಂದೆ ಸೀಟಿಗಾಗಿ ಜಗಳವಾಡಿದ್ದ ಇಬ್ಬರು ಗಂಡಸರು ಒಂದೇ ಬೆಂಚಿನ ಕೆಳಗೆ ಎರಡೂ ಕಡೆಯಿಂದ ತಲೆ ಹಾಕಿದರು. ಚಹಾದಂಗಡಿಯವನು ಒಲೆ ಆರಿಸಿ ಪಾತ್ರೆಗಳ ಹಿಂದೆಲ್ಲ ನೋಡಿದ. ಸಾಮಾನು ಕೊಠಡಿಯವನು ಒಂದೊಂದೇ ಪೆಟ್ಟಿಗೆಗೆ ಕಿವಿಯಿಟ್ಟ. ಮದುವೆಯ ಸೂಟು ತೊಟ್ಟ ಹುಡುಗನೊಬ್ಬ ಮಂಡಿಯೂರಿ ಬಸ್ಸಿನ ಚಕ್ರಗಳ ನಡುವೆ ಇಣುಕಿ, ಸೂಟಿಗೆ ಗ್ರೀಸು ಹಚ್ಚಿಕೊಂಡು ಎದ್ದ. ಕೊಡವಿಕೊಳ್ಳಲೂ ಇಲ್ಲ, ಮುಂದಿನ ಬಸ್ಸಿಗೆ ಹೋದ. ಗೇಟು ಮುಚ್ಚಿತ್ತು, ಎಲ್ಲರಿಗೂ ತಡವಾಗುತ್ತಿತ್ತು, ಆದರೂ ಒಬ್ಬರೂ ಗೊಣಗಲಿಲ್ಲ.

ಹೊರಗೆ ಕರ್ತವ್ಯದಲ್ಲಿದ್ದ ಮಹಿಳಾ ಪೊಲೀಸು ಕೈಪುಸ್ತಕದಲ್ಲಿ ಮೂರೂ ಹೆಸರುಗಳನ್ನು ಒಂದರ ಕೆಳಗೊಂದು ಬರೆದುಕೊಂಡು ಗೇಟಿನ ಬಳಿ ನಿಂತಳು.

ಮೈಕಣ್ಣ ಗಾಜಿನ ಕೋಣೆಯ ಕಿಟಕಿಯ ಹಿಂದೆ ಕಲ್ಲಾಗಿ ಕುಳಿತಿದ್ದ. ಮಗು ಕಳೆದಿಲ್ಲವೆಂದು ಹೇಳಲು ಬಾಯಿ ತೆರೆದಾಗಲೆಲ್ಲ ಕಂಟ್ರೋಲರು “ಶ್!” ಎನ್ನುತ್ತಿದ್ದರು. ಆಗ ಕಿಟಕಿಯಲ್ಲಿ ದೊಡ್ಡ ಮೀಸೆಯೊಂದು ಕಾಣಿಸಿತು. ಏಳನೆಯ ಅಂಕಣದ ಡ್ರೈವರ್. ಹಾರನ್ ಹೊಡೆಯುವುದರಲ್ಲಿ ಹೆಸರುವಾಸಿ. ಬಾಯಿಯೂ ಹಾರನ್ನಿಗೆ ಕಡಿಮೆಯೇನಲ್ಲ.

“ಮೈಕಣ್ಣಾ, ಮಗು ಹೆಸರು ಇನ್ನೊಂದ್ಸಲ ಹೇಳಪ್ಪ.”

ಮೈಕಣ್ಣ ಹೇಳಿದ. ಡ್ರೈವರ್ ತುಟಿ ಅಲ್ಲಾಡಿಸುತ್ತಾ ಹೋದವನು ಎರಡು ನಿಮಿಷಕ್ಕೆ ತಿರುಗಿ ಬಂದ. “ನಡುವಿಂದು ಜಾರಿಹೋಯ್ತು. ಇನ್ನೊಂದ್ಸಲ.” ಮತ್ತೆ ಹೇಳಿದ. ಮೂರನೆಯ ಸಲ ಬಂದು ಡ್ರೈವರೇ ಒಪ್ಪಿಸಿದ. ಐದು ಅಕ್ಷರಗಳೂ ಸರಿಯಾಗಿದ್ದವು, ಒತ್ತುಗಳು ಮಾತ್ರ ಸ್ವಲ್ಪ ಜೋರಾಗಿದ್ದವು.

“ಸಾಕಲ್ವಾ ಇಷ್ಟು?” ಎಂದು ಕೇಳಿದ.

ಮೈಕಣ್ಣ ತಲೆಯಾಡಿಸಿದ.

ಇತ್ತ ಮೈಕಣ್ಣನ ಮನೆ ಇದ್ದದ್ದು ಬಸ್‌ನಿಲ್ದಾಣದ ಹಿಂದಿನ ಗೋಡೆಗೆ ಅಂಟಿಕೊಂಡ ಬೀದಿಯಲ್ಲಿ. ಅಲ್ಲಿಯವರಿಗೆ ಗಡಿಯಾರ, ಪಂಚಾಂಗ, ಪತ್ರಿಕೆ ಎಲ್ಲವೂ ಆ ಸ್ಪೀಕರೇ. ಮೊದಲ ಮೂರು ಘೋಷಣೆಗಳಾದಾಗ ಹೆಂಡತಿ ಸ್ನಾನದ ಮನೆಯಲ್ಲಿದ್ದಳು. ಅವಳು ಕೂದಲು ಒರೆಸಿಕೊಳ್ಳುತ್ತಾ ಹೊರಬರುವಷ್ಟರಲ್ಲಿ ಕಂಟ್ರೋಲರ ಸರದಿ ಬಂದಿತ್ತು. ಅತ್ತೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬಿಳಿಚಿಕೊಂಡು ಕುಳಿತಿದ್ದರು.

“ಮಗು ಕಾಣೆಯಾಗಿದೆಯಂತೆ ಕಣೇ,” ಎಂದರು.

“ಯಾರ ಮಗುವಮ್ಮಾ?”

“ನಮ್ಮದೇ. ಇಪ್ಪತ್ತೆರಡು ದಿನದ ಹೆಣ್ಣು ಮಗು. ಹಳದಿ ಕುಲಾವಿ. ಆ ಹೆಸರು ಬೇರೆ ಇನ್ಯಾರು ಇಡ್ತಾರೆ?”

“ಅಮ್ಮಾ, ಮಗು ನಿನ್ನ ಮಡಿಲಲ್ಲೇ ಇದೆ.”

ಅತ್ತೆ ಮಗುವನ್ನು ನೋಡಿದರು. ಛಾವಣಿಯ ಕಡೆ, ಸ್ಪೀಕರು ಕೇಳಿಸುವ ದಿಕ್ಕಿಗೆ ನೋಡಿದರು. ಮತ್ತೆ ಮಗುವನ್ನು ನೋಡಿದರು. “ನಾನು ಬಂದು ತಿಂಗಳಾಯ್ತು. ಆ ಸ್ಪೀಕರು ಒಂದು ದಿನ ಸುಳ್ಳು ಹೇಳಿದ್ದು ಕೇಳಿಲ್ಲ. ಹಾಗಾದ್ರೆ ಇದು ಯಾರ ಕೂಸೇ?”

ಮಗು ಆಕಳಿಸಿತು. “ನೋಡು, ನಮ್ಮದು ಹೀಗೆ ಆಕಳಿಸ್ತಾನೇ ಇರಲಿಲ್ಲ,” ಎಂದರು ಅತ್ತೆ.

ಹೆಂಡತಿಗೆ ಅರ್ಧ ಅರ್ಥವಾಗಿತ್ತು. ಉಳಿದರ್ಧಕ್ಕೆ ಗಂಡನ ಮುಖ ನೋಡಬೇಕಿತ್ತು. ಒದ್ದೆ ಕೂದಲನ್ನು ಗಂಟು ಹಾಕಿ, ಮಗುವನ್ನು ಎತ್ತಿಕೊಂಡು, ಚಪ್ಪಲಿ ಅದಲುಬದಲಾಗಿ ಮೆಟ್ಟಿ ಹೊರಟೇಬಿಟ್ಟಳು. “ಅದನ್ನ ಎಲ್ಲಿಗೆ ಒಯ್ತೀಯೇ? ನಮ್ಮದನ್ನ ತಗೊಂಡು ಬಾ!” ಎಂದು ಕೂಗುತ್ತಾ ಅತ್ತೆ ಹಿಂದೆಯೇ ಬಂದರು.

ಈಗ ಗೇಟಿನ ಬಳಿ ನಿಂತವರ ಕಣ್ಣಿನಿಂದ ನೋಡಬೇಕು. ಮೂರು ಕೂಸುಗಳು ಕಾಣೆಯಾಗಿವೆ. ಅಷ್ಟರಲ್ಲಿ ಹಳದಿ ಕುಲಾವಿಯ ಕೂಸೊಂದನ್ನು ಅವಚಿಕೊಂಡು, ಕೂದಲು ಕೆದರಿದ ಹೆಂಗಸೊಬ್ಬಳು ದಾಪುಗಾಲು ಹಾಕುತ್ತಿದ್ದಾಳೆ. ಅವಳ ಹಿಂದೆ ಮುದುಕಿಯೊಬ್ಬಳು “ಅದು ನಮ್ಮ ಮಗು ಅಲ್ಲ, ನಮ್ಮ ಮಗು ಅಲ್ಲ!” ಎಂದು ಬೊಬ್ಬೆಯಿಡುತ್ತಾ ಬರುತ್ತಿದ್ದಾಳೆ.

“ಹಿಡೀರಿ!” ಎಂದ ಹಣ್ಣಿನಂಗಡಿಯವನು.

ಕ್ಷಣದಲ್ಲಿ ಅವಳ ಸುತ್ತ ನಲವತ್ತು ಜನ. ಯಾರೂ ಅವಳನ್ನು ಮುಟ್ಟಲಿಲ್ಲ. ಮಗುವಿಗೆ ಬಿಸಿಲು ಬೀಳದಂತೆ ಒಬ್ಬಳು ಕೊಡೆಯನ್ನೂ ಹಿಡಿದಳು. ಆದರೆ ಬಿಡಲೂ ಇಲ್ಲ. ಮಹಿಳಾ ಪೊಲೀಸು ಮುಂದೆ ಬಂದು ಕೈಪುಸ್ತಕ ತೆರೆದಳು.

“ಯಾರದಮ್ಮಾ ಈ ಮಗು?”

“ನನ್ನದು.”

“ಹಾಗಾದ್ರೆ ಹೆಸರು ಹೇಳಿ.”

“ಇನ್ನೂ ಹೆಸರಿಟ್ಟಿಲ್ಲ,” ಎಂದಳು ಹೆಂಡತಿ.

“ಸಿಕ್ಕಿಬಿದ್ಲು!” ಎಂದು ಗುಂಪು ಒಕ್ಕೊರಲಿನಿಂದ ಉದ್ಗರಿಸಿತು. “ಸ್ವಂತ ಮಗು ಹೆಸರೇ ಗೊತ್ತಿಲ್ಲ ನೋಡಿ!”

“ಈ ಅಜ್ಜಿಗೆ ಗೊತ್ತಾ? ಅಜ್ಜಿ, ನೀವು ಹೇಳಿ.”

“ನನಗೆ ಹಲ್ಲಿಲ್ಲವಮ್ಮಾ,” ಎಂದರು ಅತ್ತೆ ಅಳುದನಿಯಲ್ಲಿ.

ಹೆಂಡತಿ ಒಮ್ಮೆ ಸುತ್ತ ನೋಡಿದಳು. ಎಲ್ಲರ ಕಣ್ಣೂ ಅವಳ ಬಾಯಿಯ ಮೇಲಿತ್ತು. ಮಗುವನ್ನು ಎದೆಗೆ ಒತ್ತಿಕೊಂಡು, ಇಪ್ಪತ್ತೊಂದು ದಿನ ಬೆಳಿಗ್ಗೆ ಸಂಜೆ ಕೇಳಿ ಕೇಳಿ ಬೇಸತ್ತಿದ್ದ, ಆದರೆ ಒಮ್ಮೆಯೂ ತನ್ನ ನಾಲಿಗೆಯ ಮೇಲೆ ತಂದುಕೊಳ್ಳದಿದ್ದ ಆ ಹೆಸರನ್ನು ಅವಳು ಹೇಳಿದಳು. ಎಲ್ಲಿಯೂ ತಡವರಿಸಲಿಲ್ಲ. ಹೇಳಿದ ಮೇಲೆ ತಾನೇ ಬೆರಗಾಗಿ ಮಗುವಿನ ಮುಖ ನೋಡಿದಳು.

ಮಹಿಳಾ ಪೊಲೀಸು ತನ್ನ ಪಟ್ಟಿಯ ಮೇಲೆ ಬೆರಳಾಡಿಸಿದಳು. ಮೊದಲನೆಯದಲ್ಲ. ಎರಡನೆಯದಲ್ಲ. ಮೂರನೆಯದೂ ಅಲ್ಲ.

“ನಾಲ್ಕನೇ ಮಗು!” ಎಂದು ಕಿರುಚಿದ ಹಣ್ಣಿನಂಗಡಿಯವನು.

ಗದ್ದಲವೆದ್ದಿತು. ಅಷ್ಟರಲ್ಲಿ ಹಿಂದಿನಿಂದ ಹಾರನ್ನಿನಂಥ ದನಿಯೊಂದು ಎಲ್ಲವನ್ನೂ ಸೀಳಿಕೊಂಡು ಬಂತು. “ದಾರಿ ಬಿಡ್ರೀ! ಅದೇ ಹೆಸರು! ಆಯಮ್ಮ ಸರಿಯಾಗೇ ಹೇಳಿದ್ರು!” ಮೀಸೆಯ ಡ್ರೈವರ್ ಜನರನ್ನು ಸರಿಸುತ್ತಾ ಬಂದ. ಅಂಗಿಯ ಮುಂಭಾಗವೆಲ್ಲ ಧೂಳು, ಎರಡು ಮಂಡಿಯೂ ಕಪ್ಪು. ಅವನು ಹೆಸರನ್ನು ಹೇಳಿದ, ಒತ್ತುಗಳು ಜೋರಾಗಿಯೇ. “ಮೈಕಣ್ಣನ ಹತ್ರ ಮೂರು ಸಲ ಹೇಳಿಸಿಕೊಂಡು ಬಾಯಿಪಾಠ ಮಾಡಿದ್ದೀನಿ. ಹತ್ತು ಬಸ್ಸಿನ ಎಲ್ಲಾ ಸೀಟಿನ ಕೆಳಗೂ ಈ ಹೆಸರು ಕರೆದು ಬಂದಿದ್ದೀನಿ. ನನಗೆ ಗೊತ್ತಿಲ್ವಾ?”

“ಇಪ್ಪತ್ತೆರಡು ದಿನದ ಮಗು, ಕರೆದರೆ ಓಗೊಡುತ್ತಾ ಮಾರಾಯಾ?” ಎಂದು ಯಾರೋ ಕೇಳಿದರು.

ಡ್ರೈವರ್ ಇದನ್ನು ಯೋಚಿಸಿರಲಿಲ್ಲ. ಮೀಸೆಯ ಮೇಲೆ ಕೈಯಾಡಿಸಿದ. “ಓಗೊಡಲ್ಲ, ಸರಿ,” ಎಂದ. “ಆದರೂ ಹೆದರಿಕೊಂಡು ಎಲ್ಲೋ ಬಿದ್ದಿರುತ್ತಲ್ಲ. ಕರೆಯೋವಾಗ ತಪ್ಪು ಹೆಸರಲ್ಲಿ ಕರೀಬಾರದು ಅನ್ನಿಸ್ತು.”

ಹೆಂಡತಿ ಅವನನ್ನೇ ನೋಡುತ್ತಾ ನಿಂತಳು.

ಆಗ ಛಾವಣಿಯ ಹನ್ನೆರಡು ಸ್ಪೀಕರುಗಳಿಂದ ಮೈಕಣ್ಣನ ದನಿ ಬಂತು. ಕಂಟ್ರೋಲರು ಗದ್ದಲ ನೋಡಲು ಹೊರಗೆ ಹೋಗಿದ್ದರಿಂದ ಅವನ ಬಾಯಿಗೆ ಬಿಡುವು ಸಿಕ್ಕಿತ್ತು. ಹದಿನಾಲ್ಕು ಘೋಷಣೆಗಳಲ್ಲಿ ಯಾವುದಕ್ಕೂ ಸೇರದ ಘೋಷಣೆ ಅದು. “ಪ್ರಯಾಣಿಕರ ಗಮನಕ್ಕೆ. ಮಗು ಒಂದೇ. ಅದು ನನ್ನದು. ಅದು ಕಳೆದುಹೋಗಿಲ್ಲ, ಯಾವತ್ತೂ ಹೋಗಿರಲಿಲ್ಲ. ಅದರ ಹೆಸರು ಚೆನ್ನಾಗಿ ಕೇಳಿಸುತ್ತೋ ಇಲ್ಲವೋ ಅಂತ ನೋಡೋಕೆ ಕರೆದೆ. ತಪ್ಪು ನನ್ನದು. ಎಲ್ಲರೂ ದಯವಿಟ್ಟು ಬೆಂಚಿನ ಕೆಳಗಿಂದ ಹೊರಗೆ ಬನ್ನಿ.”

ಹಣ್ಣಿನಂಗಡಿಯವನ ಮುಖದಲ್ಲಿ ತುಸು ನಿರಾಶೆ ಕಾಣಿಸಿತೆಂದರೆ ಸುಳ್ಳಲ್ಲ. ನಾಲ್ಕು ಮಕ್ಕಳಿದ್ದ ಕಡೆ ಒಂದಾಗಿತ್ತು, ಆ ಒಂದೂ ಕಳೆದಿರಲಿಲ್ಲ. ಬೈಗುಳ ಈಗ ಬಿತ್ತು, ಆಗ ಬಿತ್ತು ಎಂದು ಮೈಕಣ್ಣ ಗಾಜಿನ ಹಿಂದೆ ಕಣ್ಣು ಮುಚ್ಚಿಕೊಂಡ. ಆದರೆ ಮಗು ಕ್ಷೇಮವಾಗಿದೆಯೆಂದು ತಿಳಿದ ಐನೂರು ಜನ ಮೊದಲು ಮಾಡುವ ಕೆಲಸ ಬೈಯುವುದಲ್ಲ, ಉಸಿರು ಬಿಡುವುದು. ಆ ಉಸಿರು ಗಾಜಿನ ಒಳಗೂ ಕೇಳಿಸಿತು. ಬೈಗುಳ ಆಮೇಲೆ ಬಂತು. ಬಹುಪಾಲು ಸೂಟಿನ ಹುಡುಗನದು. ಅವನಿಗೆ ಆ ಹಕ್ಕಿತ್ತು.

ಅಳಿಯ ಓಡುತ್ತಾ ಬಂದದ್ದೇ ಅತ್ತೆ ಅವನ ತೋಳು ಹಿಡಿದರು. “ಅಳಿಯಂದ್ರೇ, ಸರಿಯಾಗಿ ನೋಡಿ ಹೇಳಿ. ಇದು ನಮ್ಮದೇನಾ?”

“ನಮ್ಮದೇ ಅತ್ತೆ.”

“ಮೈಕಿನಲ್ಲಿ ಹೇಳಿದ್ರಲ್ಲ, ಹಾಗಾದ್ರೆ ನಿಜ,” ಎಂದು ಅವರು ಮಗುವಿನ ಹಣೆ ಸವರಿದರು.

ಕಂಟ್ರೋಲರು ಪುಸ್ತಕ ತೆರೆದು ಕಾಲಂ ತುಂಬಿದರು. ಸಿಕ್ಕಿದ ಸ್ಥಳ: ತಾಯಿಯ ತೋಳು. ಸಿಕ್ಕಿದ ಸ್ಥಿತಿ: ಆಕಳಿಸುತ್ತಿತ್ತು. ನಂತರ ಕೊನೆಗೆಂದು ಬಿಟ್ಟಿದ್ದ ಹೆಸರಿನ ಕಾಲಮಿಗೆ ಬಂದು, ಡ್ರೈವರನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಏನೋ ಕೇಳಿ, ನಿಧಾನವಾಗಿ ಬರೆದರು. ಗೇಟು ತೆರೆಸಿದರು. “ಮೈಕಣ್ಣ, ನಾಳೆ ಬೆಳಿಗ್ಗೆ ಲಿಖಿತ ವಿವರಣೆ ಕೊಡಬೇಕು,” ಎಂದು ಗಂಭೀರವಾಗಿ ಹೇಳಿ ನಾಲ್ಕು ಹೆಜ್ಜೆ ಹೋದವರು, ತಿರುಗಿ ಬಂದು ಹಳದಿ ಕುಲಾವಿಯ ಕಡೆ ಬಗ್ಗಿ, ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಭಾವಿಸಿ, ಆ ಹೆಸರನ್ನು ಒಮ್ಮೆ ಪಿಸುಗುಟ್ಟಿದರು. ಮುಕ್ಕಾಲು ಪಾಲು ಸರಿಯಾಗಿತ್ತು.

ಸಂಜೆ ಮೈಕಣ್ಣ ಮನೆಗೆ ಬಂದು ತಲೆ ತಗ್ಗಿಸಿ ಕುಳಿತ. “ತಪ್ಪಾಯ್ತು. ನೀನು ಹೇಳಿದ ಯಾವ ಹೆಸರಾದ್ರೂ ಸರಿ. ಎರಡಕ್ಷರದ್ದು. ಹೊಸ ಅರ್ಜಿ ತಂದಿದ್ದೀನಿ,” ಎಂದ.

“ಆ ಡ್ರೈವರಿಗೆ ಮಕ್ಕಳಿದ್ದಾರಾ?” ಎಂದು ಕೇಳಿದಳು ಹೆಂಡತಿ.

“ಗೊತ್ತಿಲ್ಲ. ಯಾಕೆ?”

“ಸುಮ್ನೆ.” ಅವಳು ಮಗುವಿನ ಬೆನ್ನು ತಟ್ಟಿದಳು. “ಕಷ್ಟದ ಹೆಸರಿದ್ದರೆ ಜನ ಬಿಟ್ಟು ಮುಂದೆ ಹೋಗ್ತಾರೆ ಅಂದುಕೊಂಡಿದ್ದೆ. ಮೂರು ಸಲ ಬಂದು ಕೇಳೋರೂ ಇರ್ತಾರೆ ಅಂತ ನನಗೆ ಗೊತ್ತಿರಲಿಲ್ಲ ರೀ. ಪೆನ್ನು ಕೊಡಿ.”

“ಹೊಸ ಅರ್ಜಿ ಇಲ್ಲಿದೆ…”

“ಹಳೇದೇ ಕೊಡಿ.”

ಮರುದಿನ ಮಧ್ಯಾಹ್ನ ನೋಂದಣಿ ಕಚೇರಿಯ ಕಿಟಕಿಯ ಮುಂದೆ ಉದ್ದ ಸಾಲಿತ್ತು. ಅವರ ಸರದಿ ಬಂದಾಗ ಗುಮಾಸ್ತರು ಅರ್ಜಿ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ, “ಇದನ್ನು ಹೇಗೆ ಹೇಳಬೇಕು?” ಎಂದರು.

ಮೈಕಣ್ಣ ಗಂಟಲು ಸರಿಮಾಡಿಕೊಂಡ.

“ನೀವು ಸುಮ್ನಿರಿ,” ಎಂದಳು ಹೆಂಡತಿ. ಕಿಟಕಿಗೆ ಹತ್ತಿರ ಸರಿದು ತಾನೇ ಹೇಳಿದಳು. ಗುಮಾಸ್ತರು ಬರೆದರು, ತಪ್ಪಾಯಿತು. ಅವಳು ಮತ್ತೆ ಹೇಳಿದಳು. ಇನ್ನೊಂದು ಕಡೆ ತಪ್ಪಾಯಿತು. “ಅವಸರ ಏನಿಲ್ಲ ಸಾರ್, ನಿಧಾನಕ್ಕೆ ಬರೀರಿ,” ಎಂದು ಮೂರನೆಯ ಸಲ ಒಂದೊಂದೇ ಅಕ್ಷರವಾಗಿ ಹೇಳಿದಳು. ಅಷ್ಟರಲ್ಲಿ ಸಾಲಿನಲ್ಲಿ ಅವರ ಹಿಂದೆ ನಿಂತಿದ್ದವನು ಕತ್ತು ಮುಂದೆ ಚಾಚಿ, “ಅಲ್ಲಿ ಒತ್ತು ಬರುತ್ತೆ ಸಾರ್,” ಎಂದ. ಅವನ ಹಿಂದಿನವಳು, “ಒತ್ತು ಅಲ್ಲಿ ಅಲ್ಲ, ಅದರ ಮುಂದೆ,” ಎಂದಳು. ನಾಲ್ಕನೆಯ ಪ್ರಯತ್ನಕ್ಕೆ ಐದೂ ಅಕ್ಷರಗಳು ತಮ್ಮ ತಮ್ಮ ಜಾಗದಲ್ಲಿ ಕುಳಿತವು. ಗುಮಾಸ್ತರು ಹೆಸರನ್ನು ಗಟ್ಟಿಯಾಗಿ ಓದಿದರು, ಸರಿಯಾಗಿ ಬಂದದ್ದಕ್ಕೆ ಖುಷಿಯಾಗಿ ಪಕ್ಕದ ಮೇಜಿನವರಿಗೂ ಓದಿ ಹೇಳಿ, ಮೊಹರು ಒತ್ತಿದರು.

“ಮುಂದಿನವರು!” ಎಂದು ಕರೆದರು.

ಯಾರೂ ಮುಂದೆ ಬರಲಿಲ್ಲ. ಸಾಲಿನಲ್ಲಿದ್ದವರೆಲ್ಲ ತುಟಿ ಅಲ್ಲಾಡಿಸುತ್ತಾ, ಹೆಸರನ್ನು ತಮ್ಮಷ್ಟಕ್ಕೆ ತಾವು ಹೇಳಿ ನೋಡುತ್ತಿದ್ದರು.